ರೋಗಿಯ ಭಾಷೆ

1883ರ ಫೆಬ್ರವರಿ ತಿಂಗಳಿನಲ್ಲಿ ಬಂಗಾಳದ ಶ್ರೀರಾಮಪುರದ ಕಾಲೇಜಿನ ಸಭಾಂಗಣದಲ್ಲಿ, ಇನ್ನೂ ಹದಿನೆಂಟು ತುಂಬದ ಮರಾಠಿ ತರುಣಿಯೊಬ್ಬಳು ನೆರೆದ ಜನರ ಮುಂದೆ ನಿಂತು, ತಾನು ವೈದ್ಯವಿದ್ಯೆಯನ್ನು ಕಲಿಯಲು ಅಮೆರಿಕಕ್ಕೆ ಹೋಗುವುದೇಕೆಂಬುದನ್ನು ವಿವರಿಸಿದಳು. ಆಕೆಯೇ ಆನಂದಿಬಾಯಿ ಜೋಶಿ. ಹೆತ್ತ ಮಗುವನ್ನು ಹತ್ತೇ ದಿನಗಳಲ್ಲಿ ಕಳೆದುಕೊಂಡ ಆ ತಾಯಿಗೆ ಸಕಾಲದಲ್ಲಿ ವೈದ್ಯರ ನೆರವು ದೊರೆಯದಿದ್ದರೆ ಏನಾಗುತ್ತದೆಂಬುದು ಅನುಭವದಿಂದ ತಿಳಿದಿತ್ತು. ಅಂದಿನ ಹಿಂದೂ ಸ್ತ್ರೀಯರು ಪುರುಷ ವೈದ್ಯರ ಮುಂದೆ ತಮ್ಮ ಕಾಯಿಲೆಯನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುತ್ತಿದ್ದರು. ಆದುದರಿಂದ ಈ ನಾಡಿಗೆ ಸ್ತ್ರೀವೈದ್ಯರು ಬೇಕು, ಆ ಕಾರ್ಯಕ್ಕೆ ತಾನು ಸಿದ್ಧಳಾಗುತ್ತೇನೆ ಎಂಬುದು ಆಕೆಯ ನಿಲುವಾಗಿತ್ತು.

ಆಕೆ ಫಿಲಡೆಲ್ಫಿಯಾ ನಗರದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಇಂಗ್ಲಿಷಿನ ಮೂಲಕ ವ್ಯಾಸಂಗ ಮಾಡಿ 1886ರ ಮಾರ್ಚ್‌ನಲ್ಲಿ ಪದವಿ ಪಡೆದಳು. ಚಳಿಯ ನಾಡಿನಲ್ಲಿ ಆರೋಗ್ಯ ಕೆಟ್ಟಿತು. ತಾಯ್ನಾಡಿಗೆ ಮರಳಿದ ಕೆಲವೇ ತಿಂಗಳುಗಳಲ್ಲಿ, 1887ರ ಫೆಬ್ರವರಿಯಲ್ಲಿ, ಕ್ಷಯರೋಗಕ್ಕೆ ತುತ್ತಾಗಿ ಕಣ್ಮುಚ್ಚಿದಳು. ಆಕೆಯ ಬಾಳು ಮೊಟಕಾದರೂ ಆಕೆಯ ಉದ್ದೇಶ ಮೊಟಕಾಗಲಿಲ್ಲ. ರೋಗಿಯ ಗಂಟಲಿನಲ್ಲಿಯೇ ಉಳಿದುಹೋಗುವ ಮಾತಿಗೆ ಕೇಳುವ ಕಿವಿಯೊಂದು ದೊರೆಯಬೇಕೆಂಬುದೇ ಆ ಉದ್ದೇಶ. ಪರದೇಶದ ವೈದ್ಯಶಿಕ್ಷಣದ ಹಿರಿಮೆಯನ್ನು ಇಂದಿಗೂ ಈ ಒರೆಗಲ್ಲಿಗೆ ಹಚ್ಚಿಯೇ ನೋಡಬೇಕು.

ಅಂದು ಒಬ್ಬಿಬ್ಬರು ಹಿಡಿದ ದಾರಿಯನ್ನು ಈಗ ಪ್ರತಿವರ್ಷವೂ ಸಾವಿರಾರು ತರುಣ ತರುಣಿಯರು ಹಿಡಿಯುತ್ತಿದ್ದಾರೆ. ಇದಕ್ಕೆ ಕಾರಣವೇನೆಂದು ಕೇಳಿದರೆ ಲೆಕ್ಕವೇ ಉತ್ತರ ಹೇಳುತ್ತದೆ. 2024ರಲ್ಲಿ ವೈದ್ಯಕೀಯ ಪ್ರವೇಶದ ಅರ್ಹತಾ ಪರೀಕ್ಷೆಯಾದ ನೀಟನ್ನು ಬರೆದವರು 23 ಲಕ್ಷಕ್ಕೂ ಹೆಚ್ಚು ಮಂದಿ. ಆ ವರ್ಷ ದೇಶದಲ್ಲಿದ್ದ ಎಂ.ಬಿ.ಬಿ.ಎಸ್. ಸ್ಥಾನಗಳು ಒಂದು ಲಕ್ಷಕ್ಕೆ ತುಸು ಹೆಚ್ಚು. ಅವುಗಳಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಖಾಸಗಿ ಕಾಲೇಜುಗಳಲ್ಲಿರುವುದರಿಂದ ಅಲ್ಲಿನ ಶುಲ್ಕವನ್ನು ತೆರುವುದು ಮಧ್ಯಮ ವರ್ಗದ ಕುಟುಂಬಕ್ಕೆ ದುಸ್ಸಾಧ್ಯ. ಹೀಗಿರುವಾಗ, ಕಡಿಮೆ ಹಣಕ್ಕೆ ವೈದ್ಯ ಪದವಿ, ಅದೂ ಇಂಗ್ಲಿಷ್ ಮಾಧ್ಯಮದಲ್ಲಿ, ಎಂಬ ಪ್ರಕಟಣೆ ಕಂಡೊಡನೆ ತಂದೆತಾಯಿಗಳು ಹೊಲವನ್ನು ಒತ್ತೆಯಿಟ್ಟಾದರೂ ಮಕ್ಕಳನ್ನು ಕಳುಹಿಸಿದರೆ ಆಶ್ಚರ್ಯವಿಲ್ಲ. ಹೋದವರನ್ನು ಹಳಿಯುವುದು ನ್ಯಾಯವೂ ಅಲ್ಲ. ಆದರೆ ‘ಇಂಗ್ಲಿಷ್ ಮಾಧ್ಯಮ’ ಎಂಬ ಆ ಎರಡು ಪದಗಳ ಹಿಂದೆ ಏನಿದೆ, ಏನಿಲ್ಲ ಎಂಬುದನ್ನು ಮಾತ್ರ ವಿಚಾರಿಸಿ ನೋಡಬೇಕಾಗಿದೆ.

ಇದಕ್ಕೆ ಉಕ್ರೇನ್ ದೇಶದ ಖಾರ್ಕಿವ್ ನಗರವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದು ಆ ದೇಶದ ಎರಡನೆಯ ದೊಡ್ಡ ನಗರ. ಅಲ್ಲಿನ ವಿಶ್ವವಿದ್ಯಾನಿಲಯವು 1805ರಲ್ಲಿ ಆರಂಭವಾದಾಗಲೇ ವೈದ್ಯಶಾಸ್ತ್ರದ ವಿಭಾಗವನ್ನು ಹೊಂದಿತ್ತು. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಇಲ್ಯಾ ಮೆಚ್ನಿಕೋವ್ ಅಲ್ಲಿಯೇ ವಿದ್ಯಾರ್ಥಿಯಾಗಿದ್ದ. ವಿದ್ಯೆಯ ಪರಂಪರೆಯುಳ್ಳ ಇಂಥ ನಗರಗಳಿಗೆ ಭಾರತೀಯ ವಿದ್ಯಾರ್ಥಿಗಳು ಹರಿದು ಬಂದದ್ದು ಸಹಜವೇ. 2022ಕ್ಕೆ ಮುಂಚೆ ಉಕ್ರೇನಿನಲ್ಲಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿ ದೊಡ್ಡ ಸಂಖ್ಯೆಯಾಗಿತ್ತು. ಅವರಲ್ಲಿ ಕನ್ನಡ ನಾಡಿನ ಮಕ್ಕಳೂ ಇದ್ದರು.

ಅಲ್ಲಿನ ವ್ಯಾಸಂಗ ಆರು ವರ್ಷಗಳದು; ಶಾಲಾವರ್ಷ ಸೆಪ್ಟೆಂಬರಿನಲ್ಲಿ ತೊಡಗುತ್ತದೆ. ವಿದ್ಯಾರ್ಥಿ ಊರುಬಿಟ್ಟು ಹೋಗಿ ಹಾಸಿಗೆ ಬಿಚ್ಚುವಷ್ಟರಲ್ಲಿ ಮರಗಳ ಎಲೆ ಉದುರತೊಡಗುತ್ತದೆ. ಹಿಂದೆಯೇ ಹಿಮ ಬೀಳುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನದ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಬಿಸಿಲಿನ ನಾಡಿನಲ್ಲಿ ಬೆಳೆದವನಿಗೆ ಚಳಿಗಿಂತಲೂ ಆ ಕತ್ತಲೆಯೇ ಹೆಚ್ಚು ದುಸ್ಸಹ. ವಿದ್ಯಾರ್ಥಿನಿಲಯದ ಕೊಠಡಿಯಲ್ಲಿ ಹಂಚಿಕೊಂಡು ಬಾಳುವ ಸಂಗಾತಿಗಳು ಕೇರಳದವರಿರಬಹುದು, ಹರಿಯಾಣದವರಿರಬಹುದು. ಎಲ್ಲರಿಗೂ ಸೇರಿದ ಅಡುಗೆಮನೆಯ ಒಲೆಯ ಮೇಲೆ ಒಬ್ಬನ ರೊಟ್ಟಿ, ಇನ್ನೊಬ್ಬನ ಅನ್ನ, ಮತ್ತೊಬ್ಬನ ಸಾರು ಸರದಿಯಂತೆ ಬೇಯುತ್ತವೆ. ತಾಯಿ ಕಟ್ಟಿಕೊಟ್ಟ ಸಾರಿನ ಪುಡಿ, ಚಟ್ನಿಪುಡಿಗಳ ಡಬ್ಬಿ ತಿಂಗಳು ಕಳೆದಂತೆ ಬರಿದಾಗುತ್ತದೆ. ಅಲ್ಲಿ ಸಂಜೆ ಆರೂವರೆಯಾದಾಗ ಇಲ್ಲಿ ರಾತ್ರಿ ಹತ್ತು. ಮನೆಯವರು ಮಲಗುವ ಮುನ್ನ ಫೋನಿನಲ್ಲಿ ಎರಡು ಮಾತನಾಡಬೇಕೆಂದು ಆತ ತರಗತಿಯಿಂದ ಓಡಿಬರುತ್ತಾನೆ. ಊಟವಾಯಿತೇ ಎಂದು ತಾಯಿ ಕೇಳುತ್ತಾಳೆ, ಆಗದಿದ್ದರೂ ಆಯಿತೆನ್ನುತ್ತಾನೆ.

ಪಾಠದ ಕ್ರಮವೂ ನಮ್ಮದಕ್ಕಿಂತ ತುಸು ಬೇರೆ. ಹತ್ತು ಹನ್ನೆರಡು ಮಂದಿಯ ಚಿಕ್ಕ ಗುಂಪುಗಳನ್ನು ಮಾಡಿ, ದಿನದಿನವೂ ಪ್ರಶ್ನೆ ಕೇಳಿ, ಉತ್ತರಕ್ಕೆ ತಕ್ಕಂತೆ ಅಂಕ ಹಾಕುತ್ತಾರೆ. ತಪ್ಪಿಸಿಕೊಂಡ ತರಗತಿಯನ್ನು ಬೇರೊಂದು ದಿನ ಹಾಜರಾಗಿ ತೀರಿಸಲೇಬೇಕು. ಅಂಗರಚನಾಶಾಸ್ತ್ರ, ರಸಾಯನಶಾಸ್ತ್ರಗಳ ಜೊತೆಗೆ ಮೊದಲ ವರ್ಷದಲ್ಲಿ ಲ್ಯಾಟಿನ್ ಭಾಷೆಯ ಪಾಠವೂ ಉಂಟು. ಮೂಳೆ, ಸ್ನಾಯು, ಔಷಧಿಗಳ ಹಲವು ಹೆಸರುಗಳು ಆ ಭಾಷೆಯಿಂದ ಬಂದವು. ಅದರೊಡನೆ ಆ ನಾಡಿನ ಭಾಷೆಯ ತರಗತಿಯೂ ಇರುತ್ತದೆ. ವಿದ್ಯಾರ್ಥಿಯ ಭವಿಷ್ಯವನ್ನು ನಿರ್ಧರಿಸುವ ಪಾಠ ಇದೇ ಎಂದರೆ ತಪ್ಪಾಗಲಾರದು. ಆದರೆ ದುರ್ದೈವದಿಂದ ಹಲವರು ಇದನ್ನೇ ಅಲಕ್ಷ್ಯ ಮಾಡುತ್ತಾರೆ. ಪುಸ್ತಕ ಇಂಗ್ಲಿಷಿನಲ್ಲಿದೆ, ಪರೀಕ್ಷೆ ಇಂಗ್ಲಿಷಿನಲ್ಲಿದೆ, ಅಂಗಡಿಯಲ್ಲಿ ರೊಟ್ಟಿ ಕೊಳ್ಳಲು ಬೆರಳು ತೋರಿಸಿದರೆ ಸಾಕು. ಆರು ವರ್ಷ ಕಳೆದರೆ ಮತ್ತೆ ಕೇಳಿಸದ ಈ ಭಾಷೆ ಏಕೆ ಬೇಕು ಎಂಬುದು ಅವರ ತರ್ಕ.

ಮೂರನೆಯ ವರ್ಷದಲ್ಲಿ ಆಸ್ಪತ್ರೆಯ ಬಾಗಿಲು ತೆರೆದಾಗ ಈ ತರ್ಕದ ಬೆಲೆ ತಿಳಿಯುತ್ತದೆ. ಬಿಳಿಯ ನಿಲುವಂಗಿ ತೊಟ್ಟ ಗುಂಪು ವೃದ್ಧೆಯೊಬ್ಬಳ ಮಂಚವನ್ನು ಸುತ್ತುವರಿದು ನಿಲ್ಲುತ್ತದೆ ಎಂದು ಭಾವಿಸೋಣ. ಆಕೆ ಎದೆಯ ಮೇಲೆ ಕೈಯಿಟ್ಟುಕೊಂಡು, ಕಣ್ಣರಳಿಸಿ, ಐದು ನಿಮಿಷ ಮಾತನಾಡುತ್ತಾಳೆ. ಅಧ್ಯಾಪಕರು ಅದನ್ನೆಲ್ಲ ಕೇಳಿ, ರೋಗಿಗೆ ಎದೆನೋವಿದೆ ಎಂದು ಇಂಗ್ಲಿಷಿನ ಒಂದು ವಾಕ್ಯದಲ್ಲಿ ಮುಗಿಸುತ್ತಾರೆ. ಐದು ನಿಮಿಷದ ಮಾತು ಒಂದು ವಾಕ್ಯವಾಯಿತು. ಉಳಿದುದೆಲ್ಲ ಎಲ್ಲಿ ಹೋಯಿತು? ಅದು ಆ ಮಂಚದ ಬಳಿಯಲ್ಲಿಯೇ ಚೆಲ್ಲಿಹೋಯಿತು. ಆಕೆಗೆ ನೋವು ಎಂದಿನಿಂದ ಬಂತು, ಮೆಟ್ಟಿಲು ಹತ್ತುವಾಗ ಹೆಚ್ಚುತ್ತದೆಯೇ, ರಾತ್ರಿ ಎಚ್ಚರಗೊಳಿಸುತ್ತದೆಯೇ, ಆಕೆ ಹೆದರಿರುವುದು ನೋವಿಗೋ, ಮನೆಯಲ್ಲಿ ಒಬ್ಬಂಟಿಯಾಗಿರುವುದಕ್ಕೋ ಎಂಬುದೊಂದೂ ವಿದ್ಯಾರ್ಥಿಗಳಿಗೆ ತಲಪುವುದಿಲ್ಲ. ಅವರು ರೋಗವನ್ನು ಕಂಡರು, ರೋಗಿಯನ್ನು ಕಾಣಲಿಲ್ಲ.

ವೈದ್ಯನಾಗುವವನು ಮೊದಲು ಕಲಿಯಬೇಕಾದ ಪ್ರಶ್ನೆ ‘ಎಲ್ಲಿ ನೋವು?’ ಎಂಬುದು. ಉಕ್ರೇನಿಯನ್ ಭಾಷೆಯಲ್ಲಿ ಅದು ‘ದೆ ಬೊಲಿತ್’. 2022ಕ್ಕೆ ಮುಂಚೆ ಖಾರ್ಕಿವ್‌ನ ಬೀದಿಗಳಲ್ಲಿ ಹೆಚ್ಚಾಗಿ ಕೇಳುತ್ತಿದ್ದ ರಷ್ಯನ್ನಿನಲ್ಲಿ ‘ಗ್ದೆ ಬಲೀತ್’. ಎರಡು ಪದಗಳನ್ನು ಕಲಿಯಲು ಒಂದು ನಿಮಿಷ ಸಾಕು. ಕಷ್ಟವಿರುವುದು ಪ್ರಶ್ನೆಯಲ್ಲಲ್ಲ, ಉತ್ತರದಲ್ಲಿ. ಒತ್ತಿದಂತಾಗುತ್ತದೆ ಎನ್ನಲು ರಷ್ಯನ್ ರೋಗಿ ‘ದಾವಿತ್’ ಎನ್ನುತ್ತಾನೆ, ಚುಚ್ಚಿದಂತಾದರೆ ‘ಕೋಲೆತ್’, ಉರಿದರೆ ‘ಝ್ಝೋತ್’. ಬಿಡದೆ ಮಂದವಾಗಿ ಕಾಡುವ ನೋವಿಗೆ ‘ನೋಯೆತ್’ ಎಂಬ ಪದವಿದೆ. ಇದು ನಮ್ಮ ‘ನೋಯುತ್ತದೆ’ ಎಂಬ ಮಾತನ್ನು ನೆನಪಿಗೆ ತರುತ್ತದೆ. ಈ ಶಬ್ದಸಾಮ್ಯ ಕೇವಲ ಆಕಸ್ಮಿಕ. ಆದರೂ ದೂರದ ನಾಡಿನಲ್ಲಿ ಆ ಪದವನ್ನು ಕೇಳಿದ ಕನ್ನಡದ ಹುಡುಗನಿಗೆ ಆ ಮುದುಕಿ ತನ್ನ ಅಜ್ಜಿಯಂತೆ ಕಂಡರೆ ಅದು ಆಕಸ್ಮಿಕವಲ್ಲ.

ಈ ಪದಗಳ ನಡುವಿನ ಅಂತರ ಕೇವಲ ಭಾಷಾಶಾಸ್ತ್ರದ ವಿಷಯವೆಂದು ತಿಳಿಯಬಾರದು. ಎದೆ ಹಿಂಡಿದಂತಾಗುತ್ತದೆ ಎಂದಾಗ ವೈದ್ಯನು ಮೊದಲು ಹೃದಯದ ರಕ್ತನಾಳಗಳನ್ನು ಶಂಕಿಸುತ್ತಾನೆ. ಉಸಿರೆಳೆದಾಗ ಚುಚ್ಚುತ್ತದೆ ಎಂದರೆ ಶ್ವಾಸಕೋಶದ ಹೊದಿಕೆಯ ಕಡೆಗೆ ಗಮನ ಕೊಡುತ್ತಾನೆ. ಉಂಡ ಬಳಿಕ ಉರಿಯುತ್ತದೆ ಎಂದರೆ ಜಠರದ ಆಮ್ಲವನ್ನು ನೆನೆಯುತ್ತಾನೆ. ಮೂರನ್ನೂ ಎದೆನೋವು ಎಂಬ ಒಂದೇ ಮಾತಿನಲ್ಲಿ ಮುಚ್ಚಿಬಿಟ್ಟರೆ ಮೂರು ದಾರಿಗಳೂ ಮುಚ್ಚಿಹೋಗುತ್ತವೆ. ರೋಗಿ ಆಡುವ ಕ್ರಿಯಾಪದವೇ ವೈದ್ಯನ ಮೊದಲ ಉಪಕರಣ; ಕೊರಳಿನ ಸ್ಟೆತಾಸ್ಕೋಪು ಅದರ ನಂತರದ್ದು.

ಇಂದಿನ ವೈದ್ಯಶಾಸ್ತ್ರದಲ್ಲಿ ರಕ್ತಪರೀಕ್ಷೆ ಉಂಟು, ಕ್ಷಕಿರಣ ಉಂಟು, ದೇಹದ ಒಳಗನ್ನು ಪದರಪದರವಾಗಿ ತೋರಿಸುವ ಸ್ಕ್ಯಾನಿಂಗ್ ಯಂತ್ರಗಳುಂಟು. ಮಾತಿನ ಹಂಗೇಕೆ ಎಂದು ಕೆಲವರು ಕೇಳುವರು. ಈ ವಾದದಲ್ಲಿ ಸ್ವಲ್ಪ ಹುರುಳಿಲ್ಲದಿಲ್ಲ. ಮಾತು ಮರೆಮಾಚಿದುದನ್ನು ಯಂತ್ರ ತೋರಿಸಿದ ಸಂದರ್ಭಗಳು ಬೇಕಾದಷ್ಟಿವೆ. ಆದರೆ ಯಾವ ಯಂತ್ರದ ಬಳಿಗೆ ರೋಗಿಯನ್ನು ಕಳುಹಿಸಬೇಕು ಎಂಬುದನ್ನು ತಿಳಿಸುವುದು ಮಾತೇ. ಬರೆದುಕೊಟ್ಟ ಔಷಧಿಯನ್ನು ರೋಗಿ ನುಂಗುವನೋ, ಕಿಟಕಿಯಿಂದಾಚೆ ಎಸೆಯುವನೋ ಎಂಬುದನ್ನು ನಿರ್ಧರಿಸುವುದೂ ವೈದ್ಯನಲ್ಲಿ ಆತನಿಗೆ ಹುಟ್ಟಿದ ನಂಬಿಕೆಯೇ. ಆ ನಂಬಿಕೆ ಮಾತಿನಿಂದ ಹುಟ್ಟುತ್ತದೆ.

ಹೇಗಿದ್ದರೂ ತಾಯ್ನಾಡಿಗೆ ಮರಳುವವನು ಅನ್ಯಭಾಷೆಯ ರೋಗಿಗಳ ಮಾತನ್ನು ಕಲಿತು ಮಾಡುವುದೇನು ಎಂಬುದು ಮತ್ತೊಂದು ಆಕ್ಷೇಪ. ಇದು ಮೊದಲಿನದಕ್ಕಿಂತ ಬಲವಾದುದು. ಆದರೆ ರೋಗಿಯ ಮಾತನ್ನು ಕೇಳುವ ಅಭ್ಯಾಸವು ಭಾಷೆಯಿಂದ ಭಾಷೆಗೆ ಸಾಗಿ ಬರುವಂಥದು. ಈಜನ್ನು ಒಂದು ಕೆರೆಯಲ್ಲಿ ಕಲಿತವನು ಇನ್ನೊಂದು ಕೆರೆಯಲ್ಲಿಯೂ ಈಜಬಲ್ಲ. ದಡದಲ್ಲಿಯೇ ನಿಂತಿದ್ದವನು ಯಾವ ಕೆರೆಯಲ್ಲಿಯೂ ಈಜಲಾರ. ಈ ಅಭ್ಯಾಸ ಬೆಳೆಯುವುದು ಆಸ್ಪತ್ರೆಯಲ್ಲಿ ಕಳೆಯುವ ಕೊನೆಯ ಮೂರು ನಾಲ್ಕು ವರ್ಷಗಳಲ್ಲಿ. ಅವು ಮೂಕನೋಟದಲ್ಲಿ ಕಳೆದುಹೋದರೆ ಮತ್ತೆ ಬರುವುದಿಲ್ಲ. 2021ರ ನವೆಂಬರಿನಲ್ಲಿ ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊರಡಿಸಿದ ನಿಯಮಗಳು, ವಿದೇಶದಲ್ಲಿ ಕನಿಷ್ಠ 54 ತಿಂಗಳ ವ್ಯಾಸಂಗ ಇಂಗ್ಲಿಷ್ ಮಾಧ್ಯಮದಲ್ಲಿಯೇ ನಡೆಯಬೇಕೆಂದು ವಿಧಿಸಿದವು. ಅದೇ ನಿಯಮಗಳು ಅದೇ ಸಂಸ್ಥೆಯಲ್ಲಿ ಹನ್ನೆರಡು ತಿಂಗಳ ಪ್ರಾಯೋಗಿಕ ತರಬೇತಿಯನ್ನೂ ಕಡ್ಡಾಯ ಮಾಡಿದವು. ಪಾಠವೇನೋ ಇಂಗ್ಲಿಷಿನಲ್ಲಿ ಆಗಬಹುದು. ಆ ತರಬೇತಿಯ ಹನ್ನೆರಡು ತಿಂಗಳು ರೋಗಿಯೊಡನೆ ಯಾವ ಭಾಷೆಯಲ್ಲಿ ಮಾತನಾಡುವುದು?

ಈ ತೊಡಕು ಇಂದಿನದಲ್ಲ. ಹದಿನೆಂಟನೆಯ ಶತಮಾನದ ಆದಿಯಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಬೋರ್ಹಾವೆ ಎಂಬ ಹೆಸರಾಂತ ವೈದ್ಯನಿದ್ದ. ಹನ್ನೆರಡು ಹಾಸಿಗೆಗಳ ಚಿಕ್ಕದೊಂದು ಆಸ್ಪತ್ರೆಯಲ್ಲಿ ಆತ ರೋಗಿಗಳ ಬಳಿ ನಿಂತು ಪಾಠ ಹೇಳುತ್ತಿದ್ದ. ಕೇಳಲು ಯೂರೋಪಿನ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಪಾಠದ ಭಾಷೆ ಲ್ಯಾಟಿನ್. ಇಂದು ಇಂಗ್ಲಿಷಿಗಿರುವ ಸ್ಥಾನ ಅಂದು ಅದಕ್ಕಿತ್ತು. ಆದರೆ ಹಾಸಿಗೆಯಲ್ಲಿದ್ದ ಆ ಹನ್ನೆರಡು ಮಂದಿ ಬಡವರು ಲ್ಯಾಟಿನ್ ಬಲ್ಲವರಲ್ಲ, ಡಚ್ ಆಡುವವರು. ಎರಡು ದಡಗಳ ನಡುವೆ ಸೇತುವೆಯಾಗಿ ನಿಂತವನು ಬೋರ್ಹಾವೆಯೇ. ಗುರು ದೊಡ್ಡವನಾದುದರಿಂದ ಸೇತುವೆಯೂ ದೊಡ್ಡದಾಗಿತ್ತು. ಎಲ್ಲ ಗುರುಗಳೂ ಬೋರ್ಹಾವೆಗಳಲ್ಲ. ಸೇತುವೆ ಕಿರಿದಾದಷ್ಟೂ ಶಿಷ್ಯನಿಗೆ ದಾಟಿಬರುವ ಜ್ಞಾನವೂ ಕಿರಿದಾಗುತ್ತದೆ. ಇದಕ್ಕಿಂತ ಎರಡು ಶತಮಾನ ಮೊದಲೇ, 1527ರಲ್ಲಿ, ಬಾಸೆಲ್ ನಗರದಲ್ಲಿ ಪ್ಯಾರಾಸೆಲ್ಸಸ್ ಎಂಬ ವೈದ್ಯನು ಲ್ಯಾಟಿನ್ ಬಿಟ್ಟು ಜನರಾಡುವ ಜರ್ಮನ್ನಿನಲ್ಲಿ ಪಾಠ ಹೇಳಿ ಪಂಡಿತರ ಕೋಪಕ್ಕೆ ಗುರಿಯಾಗಿದ್ದನು.

ಪರದೇಶದಲ್ಲಿ ಕಲಿತು ಬಂದವರಿಗೆ ಭಾರತದಲ್ಲಿ ಒಂದು ಅರ್ಹತಾ ಪರೀಕ್ಷೆಯನ್ನು 2002ರಲ್ಲಿ ಜಾರಿಗೆ ತರಲಾಯಿತು. ಅದರಲ್ಲಿ 300 ಪ್ರಶ್ನೆಗಳು. 150 ಸರಿಯುತ್ತರಗಳು ಬಂದರೆ ಉತ್ತೀರ್ಣ. ಅನೇಕ ಬಾರಿ ಬರೆದವರಲ್ಲಿ ನಾಲ್ವರಿಗೊಬ್ಬರೂ ಉತ್ತೀರ್ಣರಾಗಿಲ್ಲ. ಇದಕ್ಕೆ ಕಾರಣಗಳು ಹಲವು; ಎಲ್ಲವನ್ನೂ ಭಾಷೆಯ ತಲೆಗೆ ಕಟ್ಟುವುದು ಸರಿಯಲ್ಲ. ಆದರೂ ರೋಗಿಯೊಡನೆ ಮಾತನಾಡದೆ ಕಲಿತ ವಿದ್ಯೆ ಪುಸ್ತಕದ ಹಾಳೆಯಲ್ಲಿಯೇ ಉಳಿಯುತ್ತದೆ, ಕಂಡು ಕೇಳಿ ಕಲಿತುದು ಮಾತ್ರ ನೆನಪಿನಲ್ಲಿ ಬೇರೂರುತ್ತದೆ ಎಂಬುದನ್ನು ಯಾವ ಉಪಾಧ್ಯಾಯನೂ ಅಲ್ಲಗಳೆಯಲಾರ.

2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ರಷ್ಯದ ಆಕ್ರಮಣ ತೊಡಗಿತು. ಗಡಿಗೆ ಸಮೀಪದಲ್ಲಿದ್ದ ಖಾರ್ಕಿವ್ ಮೊದಲ ದಿನದಿಂದಲೇ ಗುಂಡಿನ ಮಳೆಗೆ ಸಿಕ್ಕಿತು. ವಿದ್ಯಾರ್ಥಿಗಳು ನೆಲಮಾಳಿಗೆಗಳಲ್ಲಿ, ಸುರಂಗರೈಲಿನ ನಿಲ್ದಾಣಗಳಲ್ಲಿ ಆಶ್ರಯ ಪಡೆದರು. ಮಾರ್ಚ್ 1ರಂದು ಆ ನಗರದಲ್ಲಿ ಕರ್ನಾಟಕದ ವಿದ್ಯಾರ್ಥಿಯೊಬ್ಬ ದಾಳಿಗೆ ಬಲಿಯಾದ. ಮರುದಿನ ಭಾರತೀಯರೆಲ್ಲರೂ ಕೂಡಲೇ ನಗರವನ್ನು ತೊರೆಯಬೇಕೆಂಬ ಸೂಚನೆ ಬಂದಾಗ ಅನೇಕರು ಹಿಮದ ಹಾದಿಯಲ್ಲಿ ನಡೆದೇ ಹೊರಟರು. ‘ಆಪರೇಷನ್ ಗಂಗಾ’ ಎಂಬ ಕಾರ್ಯಾಚರಣೆಯ ದಿನಗಳಲ್ಲಿ ಉಕ್ರೇನಿನಿಂದ ಸುಮಾರು 22,500 ಭಾರತೀಯರು ಸುರಕ್ಷಿತವಾಗಿ ಮರಳಿದರು. ಆ ದಿನಗಳಲ್ಲಿ ನಿಲ್ದಾಣದ ಪ್ರಕಟಣೆಯನ್ನು ಅರಿಯಲು, ಗುಟುಕು ನೀರು ಕೇಳಲು, ಗಾಡಿಯವನೊಡನೆ ದಾರಿ ವಿಚಾರಿಸಲು ಯಾವ ಭಾಷೆ ಬೇಕಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ನೆರೆಯವರ ಮಾತನ್ನು ಕಲಿತಿದ್ದವನು ಅಂದು ತನ್ನೊಬ್ಬನಿಗೇ ಅಲ್ಲ, ಸಂಗಾತಿಗಳೆಲ್ಲರಿಗೂ ನಾಲಗೆಯಾಗಬಲ್ಲವನಾಗಿದ್ದ.

ಮಡಿದ ಆ ವಿದ್ಯಾರ್ಥಿಯ ದೇಹ ತಾಯ್ನಾಡಿಗೆ ಬಂದಾಗ, ತಂದೆತಾಯಿಗಳು ಅದನ್ನು ವೈದ್ಯಕೀಯ ಕಾಲೇಜೊಂದಕ್ಕೆ ದಾನವಾಗಿ ಒಪ್ಪಿಸಿದರು. ವೈದ್ಯನಾಗಿ ಬರಬೇಕಾಗಿದ್ದ ಮಗ ವೈದ್ಯರಾಗುವವರಿಗೆ ಪಾಠವಾದ. ಈ ದಾನವನ್ನು ಕೊಂಡಾಡಲು ಮಾತುಗಳು ಸಾಲವು. ಕಲಿಯುವವರು ಆ ಋಣವನ್ನು ನೆನೆದು ಕಲಿಯಬೇಕಷ್ಟೆ.

ಯುದ್ಧದಿಂದ ವಿದ್ಯಾರ್ಥಿಗಳ ದಾರಿ ತಿರುಗಿತೇ ಹೊರತು ನಿಲ್ಲಲಿಲ್ಲ. ಜಾರ್ಜಿಯಕ್ಕೆ ಹೋದವರು ಜಾರ್ಜಿಯನ್ ಆಡುವ ರೋಗಿಗಳನ್ನು ಕಾಣುತ್ತಾರೆ. ಉಜ್ಬೇಕಿಸ್ತಾನದಲ್ಲಿ ಉಜ್ಬೆಕ್, ಕಿರ್ಗಿಸ್ತಾನದಲ್ಲಿ ಕಿರ್ಗಿಜ್ ಮತ್ತು ರಷ್ಯನ್. ಇಂಗ್ಲಿಷ್ ಆಡಳಿತ ಭಾಷೆಯಾಗಿರುವ ಫಿಲಿಪ್ಪೀನ್ಸ್‌ನಲ್ಲಿಯೂ ದವಾವೊ ನಗರದ ಬಡ ರೋಗಿ ನರಳುವುದು ಸೆಬುವಾನೊ ಭಾಷೆಯಲ್ಲಿ. ನಾಡು ಯಾವುದಾದರೇನು, ಪ್ರಶ್ನೆ ಅದೇ.

ಹಾಗೆಂದು ಇಂಗ್ಲಿಷಿನ ಉಪಕಾರವನ್ನು ಮರೆಯಲಾಗದು. ಜಗತ್ತಿನ ವೈದ್ಯಜ್ಞಾನವನ್ನೆಲ್ಲ ಒಂದೆಡೆ ತಂದುಕೊಡುವ ಭಾಷೆ ಅದು. ಅದನ್ನು ಬಿಟ್ಟವನು ತನ್ನ ವಿದ್ಯೆಯನ್ನೇ ಕುಗ್ಗಿಸಿಕೊಳ್ಳುತ್ತಾನೆ. ಆದರೆ ಪುಸ್ತಕದ ಭಾಷೆ ಒಂದು, ರೋಗಿಯ ಭಾಷೆ ಇನ್ನೊಂದು. ವೈದ್ಯನಿಗೆ ಎರಡೂ ಬೇಕು. ಕನ್ನಡ ನಾಡಿನಲ್ಲಿಯೇ ಇದಕ್ಕೆ ಉತ್ತಮ ನಿದರ್ಶನಗಳಿವೆ. ‘ಕೊರವಂಜಿ’ ಪತ್ರಿಕೆಯ ಸಂಪಾದಕರಾಗಿ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. ಮನಸ್ಸಿನ ವ್ಯಾಪಾರಗಳನ್ನು ಕುರಿತ ‘ಮನಮಂಥನ’ವನ್ನು ಕನ್ನಡದಲ್ಲಿ ಬರೆದು 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಪಾತ್ರರಾದರು. ಡಾ. ಅನುಪಮಾ ನಿರಂಜನ ಅವರು ‘ತಾಯಿ-ಮಗು’ವಿನಂಥ ಪುಸ್ತಕಗಳ ಮೂಲಕ, ಆಸ್ಪತ್ರೆಯಲ್ಲಿ ಕೇಳಲು ನಾಚುತ್ತಿದ್ದ ಹೆಣ್ಣುಮಕ್ಕಳಿಗೆ ಅವರ ಮಾತಿನಲ್ಲಿಯೇ ಉತ್ತರ ಹೇಳಿದರು. ಆನಂದಿಬಾಯಿ ಕಂಡ ಕನಸು ಹೀಗೆ ಬೇರೊಂದು ಭಾಷೆಯಲ್ಲಿ ಫಲಿಸಿತೆನ್ನಬಹುದು. ಭಾರತದಲ್ಲಿ 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವೂ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಗೆ ಸ್ಥಾನ ನೀಡಿತು.

ಮರಳಿ ಬಂದ ವೈದ್ಯನ ಮುಂದೆ ಜಿಲ್ಲಾ ಆಸ್ಪತ್ರೆಯ ಹೊರರೋಗಿಗಳ ಸಾಲು ನಿಂತಿರುತ್ತದೆ. ಒಬ್ಬನಿಗೆ ಕೈಕಾಲು ಜೋಮು ಹಿಡಿದಿದೆ, ಒಬ್ಬಳಿಗೆ ಹೊಟ್ಟೆ ತೊಳಸುತ್ತದೆ, ಮತ್ತೊಬ್ಬನಿಗೆ ಮೀನಖಂಡ ಸೆಳೆಯುತ್ತದೆ, ಇನ್ನೊಬ್ಬಳಿಗೆ ಜೀವ ಝಲ್ಲೆನ್ನುತ್ತದೆ. ಇವುಗಳಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದ ಹುಡುಕುವುದು ಆಮೇಲಿನ ಕೆಲಸ. ಮೊದಲು ಇವು ಕಿವಿಗೆ ಬೀಳಬೇಕು. ಮನೆಯಲ್ಲಿ ಅಜ್ಜಿಯ ಬಾಯಿಂದ ಈ ಮಾತುಗಳನ್ನು ಕೇಳಿ ಬೆಳೆದ ವಿದ್ಯಾರ್ಥಿ ತನಗರಿವಿಲ್ಲದೆಯೇ ವೈದ್ಯಶಾಸ್ತ್ರದ ಮೊದಲ ಅಧ್ಯಾಯವನ್ನು ಕಲಿತಿರುತ್ತಾನೆ. ಅದನ್ನು ಹಳ್ಳಿಯ ಮಾತೆಂದು ನಾಚಿ ಮರೆತರೆ ಆತ ಕಳೆದುಕೊಳ್ಳುವುದು ಒಂದು ನುಡಿಯನ್ನಲ್ಲ, ತನ್ನ ವೃತ್ತಿಯ ಬಂಡವಾಳವನ್ನು.

ಆದುದರಿಂದ ಪರದೇಶಕ್ಕೆ ಮಗನನ್ನೋ ಮಗಳನ್ನೋ ಕಳುಹಿಸುವ ತಂದೆತಾಯಿಗಳು ಶುಲ್ಕವೆಷ್ಟು, ಊಟವೆಂಥದು ಎಂದು ಕೇಳುವುದರ ಜೊತೆಗೆ, ಅಲ್ಲಿ ರೋಗಿಯ ಭಾಷೆಯನ್ನು ಎಷ್ಟು ಕಾಲ, ಎಷ್ಟು ಶ್ರದ್ಧೆಯಿಂದ ಕಲಿಸುತ್ತಾರೆಂಬುದನ್ನೂ ಕೇಳಬೇಕು. ಹೋಗುವ ವಿದ್ಯಾರ್ಥಿ ಅಂಗರಚನಾಶಾಸ್ತ್ರಕ್ಕೆ ಕೊಡುವ ಗೌರವವನ್ನು ಆ ಭಾಷೆಯ ಪುಟ್ಟ ತರಗತಿಗೂ ಕೊಡಬೇಕು. ಆತ ಹೊರಡುವಾಗ ಪೆಟ್ಟಿಗೆಯಲ್ಲಿ ಪುಸ್ತಕಗಳಿರಲಿ, ಚಟ್ನಿಪುಡಿಯೂ ಇರಲಿ. ಆದರೆ ಹೋದ ಊರಿನಲ್ಲಿ ಮೊದಲು ಕಲಿಯುವ ವಾಕ್ಯ, ಮರಳಿ ಬಂದು ತನ್ನ ಊರಿನ ಆಸ್ಪತ್ರೆಯಲ್ಲಿ ಮೊದಲು ಆಡುವ ವಾಕ್ಯ, ಎರಡೂ ಒಂದೇ ಆಗಿರಲಿ: ‘ಎಲ್ಲಿ ನೋವು?’ ಹಾಗೆ ಕೇಳಿ, ಉತ್ತರ ಮುಗಿಯುವವರೆಗೂ ಕುಳಿತು ಕೇಳಿಸಿಕೊಳ್ಳುವವನೇ ನಿಜವಾದ ವೈದ್ಯ.